ಬೆಚ್ಚಿದ್ದು ಮಗುವೋ, ವಿಡಿಯೋವೋ

ಹೈಸ್ಕೂಲಿನ ವಿಜ್ಞಾನ ಟೀಚರಾಗಿ ನಿವೃತ್ತಿಯಾದ ಮೇಲೆ ನನ್ನ ಪಾಲಿಗೆ ಬಂದ ಕೆಲಸ ಮೊಮ್ಮಗಳನ್ನು ನೋಡಿಕೊಳ್ಳುವುದು. ಮಗಳು ಹರಿಹರದಲ್ಲಿ ಬ್ಯಾಂಕ್ ಉದ್ಯೋಗಿ. ಅಳಿಯನಿಗೂ ಅಲ್ಲೇ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಬಾಣಂತನಕ್ಕೆಂದು ದಾವಣಗೆರೆಗೆ ಬಂದ ಮಗಳು ರಜೆ ಮುಗಿದ ಮೇಲೂ ಸರಸ್ವತಿ ನಗರದ ನಮ್ಮ ಮನೆಯಲ್ಲೇ ಉಳಿದುಕೊಂಡಳು. ಬೆಳಿಗ್ಗೆ ಮಗುವಿಗೆ ಹಾಲು ಕೊಟ್ಟು ಹರಿಹರದ ಬಸ್ಸು ಹತ್ತಿದರೆ ತಿರುಗಿ ಬರುವುದು ಸಂಜೆ. ಅಳಿಯ ರಜೆ ಸಿಕ್ಕಾಗ ಬಂದು ಹೋಗುತ್ತಿದ್ದ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಮಗು ಇಬ್ಬರೇ. ಆದ್ದರಿಂದಲೇ ಅದು ಮೊದಲು ನನ್ನ ಕಣ್ಣಿಗೆ ಬಿತ್ತು.

ಮಗುವಿಗೆ ಆಗ ಆರು ತಿಂಗಳು ತುಂಬುತ್ತಿತ್ತು. ಮಧ್ಯಾಹ್ನದ ನಿದ್ದೆಯಿಂದ ಎದ್ದು ಕಣ್ಣು ಬಿಟ್ಟಿತು. ಎತ್ತಿಕೊಳ್ಳಲು ಬಗ್ಗಿದೆ. ಇದ್ದಕ್ಕಿದ್ದಂತೆ ಎರಡೂ ಕೈ ಚಾಚಿ, ತಲೆ ಮುಂದಕ್ಕೆ ಬಾಗಿಸಿ, ಯಾರೋ ಒಳಗಿನಿಂದ ದಾರ ಎಳೆದಂತೆ ಮೈ ಮುದುರಿತು. ಮರುಕ್ಷಣವೇ ಸಡಿಲವಾಯಿತು. ಹಾಲು ಕಕ್ಕುತ್ತದೇನೋ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ. ಆಮೇಲೆ ಮತ್ತೊಮ್ಮೆ. ಕೊನೆಗೆ ದಣಿದು ಅತ್ತಿತು. ಬೆಚ್ಚಿಬೀಳುವ ಮಕ್ಕಳನ್ನು ನಾನು ನೋಡದವಳಲ್ಲ. ಆದರೆ ಬೆಚ್ಚಲು ಸದ್ದಾಗಬೇಕು, ಬಾಗಿಲು ಬಡಿಯಬೇಕು. ಅಂದು ಮನೆಯಲ್ಲಿ ಫ್ಯಾನಿನ ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ.

ದಿನಾ ನಿದ್ದೆಯಿಂದ ಏಳುವಾಗ ಅದೇ ಆಗತೊಡಗಿತು. ನನ್ನ ಮುಖ ಕಂಡರೆ ಬೊಚ್ಚುಬಾಯಿ ತೆರೆದು ನಗುತ್ತಿದ್ದ ಮಗು ಈಗ ನನ್ನನ್ನು ದಾಟಿ ಎಲ್ಲೋ ನೋಡುತ್ತಿತ್ತು. ನಮ್ಮ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರ ಟೇಬಲ್ಲಿನ ಮೇಲೆ ಮಗು ಆರಾಮವಾಗಿ ಮಲಗಿತ್ತು. ಕೈಕಾಲು ಆಡಿಸಿ ನೋಡಿದ ಅವರು ಎಳೆಮಕ್ಕಳು ಹೀಗೆ ಬೆಚ್ಚುವುದುಂಟು, ಒಂದು ತಿಂಗಳು ಕಾದು ನೋಡೋಣ ಎಂದರು. ಮಗಳಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ.

ಅಳಿಯ ತನ್ನ ಸಹೋದ್ಯೋಗಿಯೊಬ್ಬರಿಂದ ಬೆಂಗಳೂರಿನ ಮಕ್ಕಳ ನರರೋಗ ತಜ್ಞರೊಬ್ಬರ ನಂಬರ್ ತಂದುಕೊಟ್ಟ. ನಾನು ಹೇಳಿದ್ದನ್ನೆಲ್ಲ ಆ ಡಾಕ್ಟರು ಸಾವಧಾನವಾಗಿ ಕೇಳಿದರು. ಮಗು ಏಳುವ ಹೊತ್ತಿನ ವಿಡಿಯೋ ಕಳಿಸಿ ಎಂದರು. ತಮಗೆ ಬಂದಿರುವ ಅನುಮಾನ ನಿಜವಾಗಿದ್ದರೆ ತಿಂಗಳುಗಟ್ಟಲೆ ಕಾಯುವಂತಿಲ್ಲ, ತಡವಾದಷ್ಟೂ ಮಿದುಳಿನ ಬೆಳವಣಿಗೆಗೆ ಪೆಟ್ಟು ಎಂದೂ ಹೇಳಿದರು. ಆ ಮಾತು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ.

ಫೋನಿನಲ್ಲಿ ಹಿಡಿಯಲು ನೋಡಿದೆ. ಕೈ ಒರೆಸಿಕೊಂಡು ಫೋನು ತೆರೆಯುವಷ್ಟರಲ್ಲಿ ಎಲ್ಲ ಮುಗಿದು ಮಗು ಅಳುತ್ತಿರುತ್ತಿತ್ತು. ಆಗ ಅಳಿಯ ತುಂಗಭದ್ರೆಯ ದಂಡೆಯಲ್ಲಿ ಹಕ್ಕಿಗಳ ಫೋಟೊ ತೆಗೆಯಲು ಇಟ್ಟುಕೊಂಡಿದ್ದ ಡಿಜಿಟಲ್ ಕ್ಯಾಮೆರಾ ತಂದ. ಹಾಸಿಗೆಯ ಪಕ್ಕ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಯಾವ ಗುಂಡಿ ಒತ್ತಬೇಕೆಂದು ತೋರಿಸಿಕೊಟ್ಟ. ಮಗು ಮಗ್ಗುಲು ಬದಲಿಸತೊಡಗಿದ ಕೂಡಲೇ ಚಾಲೂ ಮಾಡಿ ಬಿಟ್ಟುಬಿಡುತ್ತಿದ್ದೆ. ಮರುದಿನವೇ ಸಿಕ್ಕಿತು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲವೂ ನಾನು ಕಂಡಂತೆಯೇ ಕಂಡಿತು.

ಇನ್ನು ಕಳಿಸಿದರಾಯಿತು ಎಂದುಕೊಂಡಿದ್ದೆ. ಕಷ್ಟ ಶುರುವಾದದ್ದೇ ಅಲ್ಲಿಂದ. ಫೈಲು ಬಹಳ ದೊಡ್ಡದಿತ್ತು. ಅಳಿಯ ಅದನ್ನು ಇಂಟರ್ನೆಟ್ಟಿಗೆ ಏರಿಸಿ ಲಿಂಕ್ ಕಳಿಸಿದ. ಡಾಕ್ಟರು ಪ್ರವಾಸದಲ್ಲಿದ್ದರು. ಅವರ ಫೋನಿನಲ್ಲಿ ಅದು ನಿಂತು ನಿಂತು ಓಡಿತು. ವಾಟ್ಸಾಪಿನಲ್ಲಿ ಕಳಿಸಿದರೆ ಅದೇ ತಾನಾಗಿ ವಿಡಿಯೋವನ್ನು ಕುಗ್ಗಿಸಿತು. ಮಗುವಿನ ಮುಖ ನೀರು ಬಿದ್ದ ಬಣ್ಣದಂತೆ ಕಲಸಿಹೋಗಿ, ಕೈ ಇಲ್ಲಿದ್ದದ್ದು ಒಮ್ಮೆಗೇ ಅಲ್ಲಿರುತ್ತಿತ್ತು. ಡಾಕ್ಟರು ನನಗೇ ಫೋನು ಮಾಡಿದರು.

"ಅಮ್ಮಾ, ಇದರಲ್ಲಿ ಬೆಚ್ಚುತ್ತಿರೋದು ಮಗುವೋ ವಿಡಿಯೋನೋ ನನಗೆ ಗೊತ್ತಾಗ್ತಿಲ್ಲ. ಬರೀ ಊಹೆ ಮೇಲೆ ಏನೂ ಹೇಳೋಕಾಗಲ್ಲ."

ಅಳಿಯ ಮೆಮೊರಿ ಕಾರ್ಡನ್ನು ಹರಿಹರದ ಒಂದು ಸ್ಟುಡಿಯೋಗೆ ಒಯ್ದ. ಅವನು ತನ್ನ ಹಕ್ಕಿ ಫೋಟೊಗಳನ್ನು ಪ್ರಿಂಟ್ ಹಾಕಿಸುತ್ತಿದ್ದದ್ದು ಅಲ್ಲಿಯೇ. ಅದರ ಮಾಲೀಕ ಒಬ್ಬ ಸಾಬರು, ಮದುವೆ ವಿಡಿಯೋಗಳಿಗೆ ಹೆಸರಾದವರು. ವಿಡಿಯೋ ಸಣ್ಣದಾಗಬೇಕು, ಆದರೆ ತಡವರಿಸಬಾರದು ಎಂದು ಹೇಳಿ ಬಂದಿದ್ದ. ಅವರು ಮಾಡಿಕೊಟ್ಟ ಫೈಲು ಎಣ್ಣೆ ಹೊಯ್ದಂತೆ ನುಣ್ಣಗೆ ಓಡಿತು. ಅಳಿಯ ಅದನ್ನು ಡಾಕ್ಟರಿಗೂ ನನಗೂ ಕಳಿಸಿದ. ಸಂಜೆಯೊಳಗೆ ಉತ್ತರ ಬಂತು. ಇದರಲ್ಲಿ ಗಾಬರಿಪಡುವಂಥದ್ದು ಕಾಣುತ್ತಿಲ್ಲ, ಮಗು ಮೈಮುರಿಯುತ್ತಿರುವಂತಿದೆ, ಬಿಡುವಾದಾಗ ಒಮ್ಮೆ ತೋರಿಸಿಕೊಂಡು ಹೋಗಿ.

ಮಗಳು ಅಡುಗೆಮನೆಯಲ್ಲಿ ನಿಂತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಳು. ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ನಗು ಕೇಳಿಸಿತು. ನಾನೂ ನಗಲು ನೋಡಿದೆ.

ಮರುದಿನ ಮಧ್ಯಾಹ್ನ ಮಗು ಎದ್ದಾಗ ಮತ್ತೆ ಅದೇ, ಮುಂಚಿಗಿಂತ ಹೆಚ್ಚು. ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಡಾಕ್ಟರಿಗೆ ಹೋದ ವಿಡಿಯೋವನ್ನು ಫೋನಿನಲ್ಲಿ ಹಾಕಿ ನೋಡಿದೆ. ಅದರಲ್ಲಿ ಮಗುವಿನ ಕೈಗಳು ನೀರಿನೊಳಗೆ ತೇಲಿದಂತೆ ಮೆಲ್ಲಗೆ ಅಗಲವಾಗಿ, ಮೆಲ್ಲಗೆ ಕೂಡಿಕೊಂಡವು. ನೋಡುವವರಿಗೆ ಮುದ್ದು ಬರಬೇಕು, ಹಾಗಿತ್ತು. ಸ್ಟುಡಿಯೋದಿಂದ ಮಗಳ ಕೈಲಿ ವಾಪಸ್ಸು ಬಂದಿದ್ದ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ ಮೂಲ ವಿಡಿಯೋವನ್ನು ಪಕ್ಕದಲ್ಲೇ ಓಡಿಸಿದೆ. ಅಲ್ಲಿ ಕೈಗಳು ಚಿಮ್ಮುತ್ತಿದ್ದವು. ಒಂದೇ ಮಗು, ಅದೇ ಹಾಸಿಗೆ, ಅದೇ ಗಳಿಗೆ. ಡಾಕ್ಟರು ನೋಡಿದ್ದು ನಮ್ಮ ಮಗುವನ್ನಲ್ಲ.

ಸಂಜೆ ಮಗಳಿಗೆ ಹೇಳಿದೆ. ಅವಳು ಎರಡೂ ವಿಡಿಯೋ ನೋಡಲು ಒಪ್ಪಲಿಲ್ಲ. ದೊಡ್ಡ ಡಾಕ್ಟರೇ ಏನಿಲ್ಲ ಎಂದ ಮೇಲೆ ನಾನು ಯಾಕೆ ಕೆದಕುತ್ತೇನೆ ಎಂದು ಕೇಳಿದಳು. ನಾನು ಬಿಡಲಿಲ್ಲ. ಕೊನೆಗೆ ಅವಳ ದನಿ ಸಣ್ಣದಾಯಿತು.

"ಮಗೀಗೆ ಏನಾರ ಇರ್ಲಿ ಅಂತ ಆಸೆ ಐತೇನಮ್ಮ ನಿಂಗೆ?"

ನಾನು ಎದ್ದು ಹೊರಗೆ ಬಂದೆ. ಅಳಿಯನಿಗೆ ಫೋನು ಮಾಡಿ, ಬೆಳಿಗ್ಗೆ ಸ್ಟುಡಿಯೋಗೆ ಬರುತ್ತೇನೆ ಎಂದಷ್ಟೇ ತಿಳಿಸಿದೆ. ಅವನು "ಬರ್ರಿ ಅತ್ತಿ, ನಾನೂ ಬರ್ತೀನಿ" ಎಂದ.

ಮಗುವನ್ನು ಬಿಟ್ಟುಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಮಗಳು ಹೋಗುವ ಬಸ್ಸಿಗೇ ನಾನೂ ಮಗುವನ್ನು ಕಟ್ಟಿಕೊಂಡು, ಕ್ಯಾಮೆರಾದ ಚೀಲ ಹಿಡಿದು ಹತ್ತಿದೆ. ಒಂದೇ ಸೀಟಿನಲ್ಲಿ, ನಡುವೆ ಚೀಲ ಇಟ್ಟುಕೊಂಡು ಕೂತೆವು. ದಾವಣಗೆರೆ ದಾಟುವಷ್ಟರಲ್ಲಿ ಮಗು ನಿದ್ದೆಹೋಯಿತು. ನನ್ನ ತೋಳು ಜೋಮು ಹಿಡಿದದ್ದನ್ನು ಕಂಡು ಮಗಳು ಮಗುವನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಹರಿಹರ ಹತ್ತಿರವಾಗುತ್ತಿದ್ದಂತೆ ರಸ್ತೆಯಲ್ಲಿ ಲಾರಿಯೊಂದು ಕೆಟ್ಟು ನಿಂತು ಬಸ್ಸು ಮುಂದೆ ಹೋಗದಾಯಿತು. ಡ್ರೈವರ್ ಎಂಜಿನ್ ಆರಿಸಿದ. ಮಗು ಕಣ್ಣು ಬಿಟ್ಟಿತು.

ಅವಳ ಮಡಿಲಲ್ಲೇ ಆಯಿತು. ಒಮ್ಮೆ ಮುದುರಿದಾಗ ಮಗಳು ಎದುರಿನ ಕಂಬಿ ಹಿಡಿದುಕೊಂಡಳು, ಬಸ್ಸು ಕುಲುಕಿತು ಎಂದುಕೊಂಡಿರಬೇಕು. ಆಮೇಲೆ ಕಿಟಕಿಯ ಆಚೆ ನೋಡಿದಳು. ಬಸ್ಸು ನಿಂತೇ ಇತ್ತು. ಮತ್ತೆ ಮುದುರಿತು. ಮತ್ತೂ ಒಂದು ಸಲ. ಮಗುವಿನ ಕತ್ತು ಬಾಗಿದಾಗಲೆಲ್ಲ ಅವಳ ಕೈ ಅದರ ನೆತ್ತಿಯನ್ನು ಹಿಡಿಯಲು ಹೋಗುತ್ತಿತ್ತು. ಅವಳು ನನ್ನ ಕಡೆ ತಿರುಗಲಿಲ್ಲ. ಫೋನು ತೆಗೆದು ಬ್ಯಾಂಕಿಗೆ ಇವತ್ತು ಬರುವುದಿಲ್ಲ ಎಂದು ಹೇಳಿದಳು. ಬಸ್ಸು ಹೊರಟ ಮೇಲೆ, ಆ ವಿಡಿಯೋ ಎಲ್ಲೈತೆ ಎಂದು ಕೇಳಿದಳು.

ಸ್ಟುಡಿಯೋದಲ್ಲಿ ಅಳಿಯ ಆಗಲೇ ಬಂದು ಕೂತಿದ್ದ. ಮಾಲೀಕರು ನಾನು ತೋರಿಸಿದ ಎರಡೂ ವಿಡಿಯೋ ನೋಡಿದರು. ಅವರ ಮುಖ ಇಳಿಯಿತು.

"ಟೀಚರ್, ಕೈ ಜರ್ಕ್ ಹೊಡಿತಿತ್ತಲ್ರಿ, ಫೈಲ್‌ದಾಗ ಖರಾಬಿ ಐತೆ ಅನ್ಕಂಡೆ. ಅದಕ್ಕ ಸ್ಮೂತ್ ಮಾಡಿಬಿಟ್ಟೆ. ಆ ಜರ್ಕ್ ಮಗೀಂದೇ ಅಂತ ನಂಗ್ಯಾರೂ ಹೇಳ್ಲಿಲ್ಲ."

ನಿಜ, ಯಾರೂ ಹೇಳಿರಲಿಲ್ಲ. ಅಳಿಯ ತಲೆ ತಗ್ಗಿಸಿದ. ಹೊರಗಿನವರ ಮುಂದೆ ಮಗುವಿನ ಕಾಯಿಲೆಯ ಮಾತು ಬೇಡ ಎಂದು ಅವನಿಗೆ ಹೇಳಿ ಕಳಿಸಿದ್ದವಳು ಮಗಳೇ. ಮಾಲೀಕರು ತಾವು ಮಾಡಿದ್ದನ್ನು ವಿವರಿಸಿದರು. ವಿಡಿಯೋ ಎಂದರೆ ಒಂದರ ಹಿಂದೊಂದು ಓಡುವ ಚಿತ್ರಗಳು. ಆ ಕ್ಯಾಮೆರಾ ಸೆಕೆಂಡಿಗೆ ಐವತ್ತು ಚಿತ್ರ ತೆಗೆಯುತ್ತದೆ. ಫೈಲು ಸಣ್ಣದಾಗಲೆಂದು ಅವರು ಮುಕ್ಕಾಲು ಪಾಲು ಚಿತ್ರಗಳನ್ನು ಬಿಟ್ಟಿದ್ದರು. ಆಗ ತಡವರಿಸಿತು. ತಡವರಿಕೆ ಹೋಗಲೆಂದು, ಉಳಿದ ಚಿತ್ರಗಳ ನಡುವೆ ಕಂಪ್ಯೂಟರಿನಿಂದ ಹೊಸ ಚಿತ್ರಗಳನ್ನು ತುಂಬಿಸಿದ್ದರು. ಮಗುವಿನ ಕೈ ಚಿಮ್ಮಿದ್ದು ಬಿಟ್ಟುಹೋದ ಚಿತ್ರಗಳಲ್ಲಿತ್ತು. ನಡುವೆ ತುಂಬಿದ್ದು ಕಂಪ್ಯೂಟರಿನ ಕಲ್ಪನೆ.

ಹಾಗಾದರೆ ಚಿತ್ರಗಳ ಸಂಖ್ಯೆ ಮುಟ್ಟುವುದು ಬೇಡ, ಬೇರೆ ಹೇಗೆ ಸಣ್ಣದು ಮಾಡಬಹುದು ಎಂದು ಕೇಳಿದೆ. ಬೇಡದ ಭಾಗ ಕತ್ತರಿಸಿ ಮಗು ಏಳುವ ಹೊತ್ತನ್ನಷ್ಟೇ ಇಟ್ಟುಕೊಳ್ಳಬಹುದು, ಚಿತ್ರದ ಉದ್ದಗಲ ಇಳಿಸಬಹುದು, ಅಷ್ಟರಲ್ಲೇ ಬೇಕಾದಷ್ಟು ಇಳಿಯುತ್ತದೆ ಎಂದರು. ಆದರೂ ನನಗೊಂದು ಅನುಮಾನ ಉಳಿಯಿತು. ಇಷ್ಟು ಮಾಡಿ ಕಳಿಸಿದರೂ ಡಾಕ್ಟರ ಫೋನಿನಲ್ಲಿ ಅದು ತಡವರಿಸಿದರೆ? ಅವರು ಮತ್ತೆ ಅದೇ ಪ್ರಶ್ನೆ ಕೇಳಿದರೆ? ವಿಡಿಯೋ ತಡವರಿಸಿದ್ದು ನೋಡುವವರಿಗೇ ತಿಳಿಯುವಂತೆ ಏನಾದರೂ ಇರಬೇಕು. ಸರ್ವೀಸಿಡೀ ಮಕ್ಕಳಿಗೆ ಲೋಲಕ ತೂಗಿ ತೋರಿಸಿದವಳು ನಾನು. ಚೌಕಟ್ಟಿನೊಳಗೆ ಒಂದು ವಸ್ತು ಒಂದೇ ಲಯದಲ್ಲಿ ತೂಗುತ್ತಿರಲಿ, ಅದೂ ಮಗುವೂ ಒಟ್ಟಿಗೆ ಎಗರಿದರೆ ತಪ್ಪು ವಿಡಿಯೋದ್ದು, ಅದು ನೆಟ್ಟಗೆ ತೂಗುತ್ತಿರುವಾಗ ಮಗು ಮಾತ್ರ ಎಗರಿದರೆ ಅದು ಮಗುವಿನದು ಎಂದೆ.

ಹೊಸದಾಗಿ ಹಿಡಿಯಬೇಕಾಯಿತು. ವಧೂವರರನ್ನು ಕೂರಿಸಿ ಫೋಟೊ ತೆಗೆಯುವ ಒಳಕೋಣೆಯಲ್ಲಿ, ಮಗಳು ಹಾಲು ಕೊಟ್ಟು ನಿದ್ದೆ ಮಾಡಿಸಿದ ಮಗುವನ್ನು ಸೋಫಾದ ಮೇಲೆ ಮಲಗಿಸಿದೆವು. ಲೈಟಿನ ಸ್ಟ್ಯಾಂಡಿಗೆ ದಾರ ಕಟ್ಟಿ ಮಾಲೀಕರು ತಮ್ಮ ಬೀಗದ ಕೈ ಗೊಂಚಲು ತೂಗುಬಿಟ್ಟರು. ಆಮೇಲೆ ಕಾಯುವುದು. ಹೊರಗೆ ಗಿರಾಕಿಗಳು ಬಂದರೆ ಅವರೇ ಮೆಲುದನಿಯಲ್ಲಿ ಆಮೇಲೆ ಬರ್ರಿ ಎಂದು ಸಾಗಹಾಕುತ್ತಿದ್ದರು. ಮಗು ನಿದ್ದೆಮಾಡುತ್ತಲೇ ಇತ್ತು. ಕೋಣೆ ಸೆಕೆಯಿಂದ ಬೇಯುತ್ತಿತ್ತು. ಇದು ಆಗದಿರಲಿ ಎಂದು ಬೇಡುವುದೋ, ಈಗಲೇ ಆಗಿಬಿಡಲಿ ಎಂದು ಬೇಡುವುದೋ ತಿಳಿಯದೆ ಕೂತಿದ್ದೆ.

ಮಗು ಕಾಲು ಆಡಿಸಿತು. ಅಳಿಯ ಗುಂಡಿ ಒತ್ತಿದ, ನಾನು ಗೊಂಚಲನ್ನು ತಳ್ಳಿದೆ. ಕಣ್ಣು ತೆರೆಯಿತು, ಕೈಗಳು ಚಿಮ್ಮಿದವು. ಮಗಳು ಎತ್ತಿಕೊಳ್ಳಲು ಮುಂದೆ ಬಂದಳು. ನಾನು ಅವಳ ಮುಂಗೈ ಹಿಡಿದು ನಿಲ್ಲಿಸಿದೆ.

"ಬಿಡಮ್ಮ" ಎಂದಳು.

"ಬ್ಯಾಡ. ಇನ್ನೊಂದೀಟು ತಡಿ."

ಎಷ್ಟು ಹೊತ್ತೋ. ಮಗು ಮುದುರುವುದು, ಸಡಿಲಾಗುವುದು, ಮತ್ತೆ ಮುದುರುವುದು. ಅಮ್ಮ ಎದುರಿಗೇ ಇದ್ದಾಳೆ, ಎತ್ತಿಕೊಳ್ಳುವುದಿಲ್ಲ. ಮಗಳು ಕೈ ಬಿಡಿಸಿಕೊಳ್ಳಲು ಎಳೆದಳು. ನಾನು ಬಿಡಲಿಲ್ಲ. ಮಗು ಅಳಲು ಶುರುಮಾಡಿದ ಮೇಲೆಯೇ ಬಿಟ್ಟೆ.

ಮಾಲೀಕರು ಕತ್ತರಿಸಿ, ಉದ್ದಗಲ ಇಳಿಸಿ, ಮೊದಲ ಫೈಲು ಮಾಡಿದರು. ತಮ್ಮ ಹಳೆಯ ಫೋನಿನಲ್ಲಿ ಓಡಿಸಿದರು. ಡಾಕ್ಟರ ಫೋನು ಹೇಗಿದ್ದರೂ ಇದಕ್ಕಿಂತ ಕಡಿಮೆ ಇರಲಾರದು ಎಂಬುದು ಅವರ ಲೆಕ್ಕ. ಅರ್ಧಕ್ಕೆ ಗೊಂಚಲು ಒಮ್ಮೆ ನಿಂತು ಹಾರಿತು. ಬೇಡ, ಇದು ಸುಳ್ಳು ಹೇಳುತ್ತದೆ ಎಂದು ಅವರೇ ಅಳಿಸಿದರು. ಉದ್ದಗಲ ಇನ್ನಷ್ಟು ಇಳಿಸಿ ಮತ್ತೆ ಮಾಡಿದರು. ಈ ಸಲ ಗೊಂಚಲು ಮೊದಲಿನಿಂದ ಕೊನೆಯವರೆಗೂ ತಪ್ಪದೆ ತೂಗಿತು. ಅದರ ಹಿಂದೆ ನಮ್ಮ ಮಗು ಚಿಮ್ಮುತ್ತಿತ್ತು. ನಾಲ್ವರೂ ನೋಡಿದೆವು. ವಾಟ್ಸಾಪ್ ತಾನಾಗಿ ಕುಗ್ಗಿಸದಿರಲೆಂದು ವಿಡಿಯೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರು. ಮೊದಲು ಕಳಿಸಿದ್ದು ಹೇಗೆ ಕೆಟ್ಟಿತ್ತು ಎಂಬುದನ್ನು ನಾನು ಕೆಳಗೆ ಬರೆದೆ.

ಸ್ಟುಡಿಯೋದ ಮೆಟ್ಟಿಲು ಇಳಿಯುವ ಮೊದಲೇ ಡಾಕ್ಟರ ಫೋನು ಬಂತು. ಅವರು ಮಗಳ ಜೊತೆ ಮಾತಾಡಿದರು. ಈಗ ಸ್ಪಷ್ಟವಾಗಿದೆ, ನಾನು ಮೊದಲೇ ಅನುಮಾನಪಟ್ಟದ್ದೇ ಇರಬೇಕು, ಇವತ್ತೇ ದಾವಣಗೆರೆಯಲ್ಲಿ ಮಗು ಮಲಗಿರುವಾಗ ಮಿದುಳಿನ ಇಇಜಿ ಪರೀಕ್ಷೆ ಮಾಡಿಸಿ, ನಿಮ್ಮ ಡಾಕ್ಟರಿಗೆ ನಾನೇ ಹೇಳುತ್ತೇನೆ ಎಂದರಂತೆ. ಮಗಳು ಹ್ಞೂಂ ಹ್ಞೂಂ ಎನ್ನುತ್ತಾ ಕೇಳಿ ಫೋನನ್ನು ಗಂಡನ ಕೈಗೆ ಕೊಟ್ಟು ಮೆಟ್ಟಿಲ ಮೇಲೆಯೇ ಕೂತಳು. ಮಾಲೀಕರು ಒಳಗಿನಿಂದ ನೀರು ತಂದುಕೊಟ್ಟರು.

ಮಿದುಳಿನ ಪರೀಕ್ಷೆಯಲ್ಲೂ ಅದೇ ಬಂತು, ಎಳೆಮಕ್ಕಳಿಗೆ ಬರುವ ಒಂದು ಬಗೆಯ ಮೂರ್ಛೆರೋಗ. ಮಗುವನ್ನು ಆಸ್ಪತ್ರೆಗೆ ಸೇರಿಸಿ ಔಷಧ ಶುರುಮಾಡಿದರು. ಕಾದು ನೋಡೋಣ ಎಂದಿದ್ದ ನಮ್ಮ ಡಾಕ್ಟರೇ ದಿನಾ ಎರಡು ಹೊತ್ತು ಬಂದು ಮಂಚದ ಪಕ್ಕ ನಿಲ್ಲುತ್ತಿದ್ದರು. ಔಷಧಕ್ಕೆ ಮಗುವಿನ ಮುಖ ಬಾತು ಗುಂಡಗಾಯಿತು, ಹಸಿವೆಯೂ ಸಿಡುಕೂ ವಿಪರೀತವಾದವು. ಆದರೆ ಎದ್ದಾಗ ಬರುವ ಚಿಮ್ಮುಗಳು ಮೊದಲು ವಿರಳವಾಗಿ, ಆಮೇಲೆ ನಿಂತವು. ನಗು ಬರಲು ಇನ್ನೂ ತಡವಾಯಿತು. ಅದು ಮೊದಲು ನಕ್ಕದ್ದು ಅವರಪ್ಪ ಸೀನಿದಾಗ. ಅವನು ಮತ್ತೆ ಮತ್ತೆ ಸುಳ್ಳುಸುಳ್ಳೇ ಸೀನುತ್ತಾ ಅತ್ತುಬಿಟ್ಟ.

ಈಗ ಮೊಮ್ಮಗಳು ವಿದ್ಯಾನಗರದ ಒಂದು ಶಿಶುವಿಹಾರಕ್ಕೆ ಹೋಗುತ್ತಾಳೆ. ನಡೆದದ್ದು ತಡವಾಗಿ, ಮಾತು ಇನ್ನೂ ತಡವಾಗಿ. ಓರಗೆಯವರು ಕತೆ ಹೇಳುವಾಗ ಇವಳು ಎರಡು ಪದ ಕೂಡಿಸುತ್ತಾಳೆ. ಮುಂದೆ ಹೇಗೆ ಎಂದು ಡಾಕ್ಟರನ್ನು ಕೇಳಿದರೆ, ಬೇಗ ಸಿಕ್ಕಿದ್ದು ಒಳ್ಳೆಯದಾಯಿತು ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ವಿಡಿಯೋ ನೋಡಲು ಒಪ್ಪದ ಆ ಸಂಜೆ ಮಗಳು ಆಡಿದ ಮಾತಿನ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡಿಲ್ಲ. ಸ್ಟುಡಿಯೋದಲ್ಲಿ ಅವಳ ಕೈ ಹಿಡಿದು ನಿಲ್ಲಿಸಿದ್ದರ ಬಗ್ಗೆಯೂ ಇಲ್ಲ. ಭಾನುವಾರ ಮಧ್ಯಾಹ್ನ ಅವಳು ಮನೆಯಲ್ಲಿದ್ದಾಗ, ಮೊಮ್ಮಗಳು ಏಳುವ ಹೊತ್ತಾದರೆ ಇಬ್ಬರೂ ಏನೋ ನೆಪ ಮಾಡಿಕೊಂಡು ಹಾಸಿಗೆಯ ಹತ್ತಿರ ಬರುತ್ತೇವೆ. ಅವಳು ಬಟ್ಟೆ ಮಡಚುತ್ತಾಳೆ, ನಾನು ಪೇಪರ್ ಹಿಡಿದಿರುತ್ತೇನೆ. ಮಗು ಎದ್ದು, ಕಣ್ಣುಜ್ಜಿ, ನೀರು ಬೇಕು ಅನ್ನುತ್ತದೆ. ಆಮೇಲೆ ನಾವು ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತೇವೆ.