ಎರಡನೇ ಸಲ ಒತ್ತಿದ ಹೆಬ್ಬೆಟ್ಟು

ವಾರಿಜಾ, ನಿನ್ನನ್ನು ಆ ಚಿಕಿತ್ಸೆಯ ಮನೆಗೆ ಸೇರಿಸಿದ್ದು ಅಪ್ಪ ಅಲ್ಲ. ನಾನು — ನಿನ್ನ ತಾಯಿ.

ಮೊನ್ನೆ ಕಡಬದ ಸಭೆಯಲ್ಲಿ ನೀನು ಮೈಕ್ ಹಿಡಿದು ಹೇಳಿದೆ: "ಹುಡುಗಿಯ ಮೇಲೆ ಮನಸ್ಸಾದದ್ದಕ್ಕೆ ಅಪ್ಪ ನನ್ನನ್ನು ಚಿಕಿತ್ಸೆ ಅಂತ ಕೂಡಿಹಾಕಿಸಿದ್ರು. ಇಂಥ ಚಿಕಿತ್ಸೆಯನ್ನು ಕಾನೂನು ನಿಲ್ಲಿಸಬೇಕು." ಎದುರು ಸಾಲಿನಲ್ಲಿ ಒಬ್ಬರು ಎದ್ದರು. "ಹಾಗಾದ್ರೆ ಹೆತ್ತವರಿಗೆ ಎಂತ ಹಕ್ಕೂ ಇಲ್ವಾ ಮಾರಾಯ್ರೆ? ಮಕ್ಕಳನ್ನು ಸರಿ ಮಾಡುದೂ ತಪ್ಪಾ?" ಕೆಲವರು ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸರಿ ಮಾಡುದು — ಅದು ನನ್ನದೇ ಮಾತು.

ನಿನಗೆ ಆಗ ಹತ್ತೊಂಬತ್ತು. ವಿಷಯ ಗೊತ್ತಾದಾಗ ಅಪ್ಪ ಕೇಳಿದ್ದು ಇಷ್ಟೇ: "ಅವಳಿಗೆ ಜ್ವರ ಉಂಟಾ? ಇಲ್ಲಾಂದ್ರೆ ಮದ್ದು ಎಂತಕ್ಕೆ ಮಾರಾಯ್ತಿ?" ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಥೈರಾಯ್ಡ್ ಪರೀಕ್ಷೆ ಎಂದು ಸುಳ್ಳು ಹೇಳಿ ನಿನ್ನನ್ನು ಕರೆದುಕೊಂಡು ಪುತ್ತೂರು ಬಸ್ಸು ಹತ್ತಿದೆ.

ಅಲ್ಲಿ ಆ ಮನೆಯ ಒಳಕೋಣೆಯಲ್ಲಿ ಒಪ್ಪಿಗೆಯ ಕಾಗದ ಮುಂದಿಟ್ಟರು. ಆಗ ನನಗೆ ಸಹಿ ಬರುತ್ತಿರಲಿಲ್ಲ. ಬೆಳಿಗ್ಗೆ ಕೋಡಿಂಬಾಳದ ತೋಟದಲ್ಲಿ ರಬ್ಬರ್ ಮರ ಕೆತ್ತಿ ಹಾಲಿಳಿಸಿ ಬಂದ ಕೈ. ಹೆಬ್ಬೆರಳಿನ ಮೇಲೆ ಆ ಹಾಲು ಒಣಗಿ ಪೊರೆ ಕಟ್ಟಿತ್ತು. ಒತ್ತಿದರೆ ಬರೀ ಕಪ್ಪು ಮಚ್ಚೆ, ಗೆರೆಯೇ ಇಲ್ಲ. "ಇದು ಆಗುದಿಲ್ಲ ಅಮ್ಮ" ಅಂದ ಬರೆಯುವವ. ಆಗುವುದಿಲ್ಲ ಎಂದು ಬಾಯಿಬಿಟ್ಟೇ ಹೇಳಿದ. ನೀನು ಜಗಲಿಯಲ್ಲಿ ನನ್ನ ಚೀಲ ಹಿಡಿದುಕೊಂಡು ಕಾಯುತ್ತಿದ್ದೆ. ನಾನು ಎದ್ದು ಬರಬಹುದಿತ್ತು —

ಉಗುರಿನಿಂದ ಪೊರೆ ಸುಲಿದೆ. ಮತ್ತೆ ಒತ್ತಿದೆ.

ನಲ್ವತ್ತೆಂಟು ದಿನ. ಮನೆಗೆ ಬಂದ ಮೇಲೆ ನೀನು ಯಾವ ಬಾಗಿಲನ್ನೂ ಮುಚ್ಚಲು ಬಿಡುತ್ತಿರಲಿಲ್ಲ. "ಯಾರಮ್ಮ ಕಳಿಸಿದ್ದು?" ಎಂದು ಕೇಳಿದೆ. "ಅಪ್ಪ. ನನ್ನ ಹತ್ರವೂ ಥೈರಾಯ್ಡ್ ಪರೀಕ್ಷೆ ಅಂತಲೇ ಹೇಳಿದ್ದು, ನನಗೂ ಗೊತ್ತಿರ್ಲಿಲ್ಲ" ಅಂದೆ. ಅವರು ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು, ಅಷ್ಟೆ. ಸಾಯುವವರೆಗೆ ನಿನ್ನ ಸಿಟ್ಟನ್ನು ಅವರೇ ತಿಂದರು. ಅವರ ಹೆಣ ನೋಡಲಿಕ್ಕೂ ನೀನು ಬರಲಿಲ್ಲ. ಆಗಲಾದರೂ ಫೋನು ಮಾಡಿ ಹೇಳಬಹುದಿತ್ತು. ಹೇಳಲಿಲ್ಲ — ನೀನು ನನ್ನನ್ನೂ ಬಿಟ್ಟರೆ ಎಂದು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳುವ ಮುಖ ಇಲ್ಲ.

ಸಾಕ್ಷರತೆ ತರಗತಿಯಲ್ಲಿ ಕಲಿತ ಅಕ್ಷರ ಇದು. ಈಗ ಸಹಿಯೂ ಬರುತ್ತದೆ. ಆದರೂ ಕೈ ತೊಳೆದು ಕೆಳಗೆ ಹೆಬ್ಬೆಟ್ಟು ಒತ್ತಿದ್ದೇನೆ. ಅಪ್ಪ ಸಹಿ ಹಾಕುತ್ತಿದ್ದವರು, ನಿನಗೆ ಗೊತ್ತುಂಟು. ಆ ಮನೆಯಿಂದ ಒಪ್ಪಿಗೆಯ ಕಾಗದ ತೆಗೆಸು. ಎರಡು ಹೆಬ್ಬೆಟ್ಟನ್ನೂ ಒಟ್ಟಿಗೆ ಇಟ್ಟು ನೋಡು. ಮುಂದಿನ ಸಭೆಯಲ್ಲಿ ಅಪ್ಪನ ಹೆಸರು ತೆಗೆದು ನನ್ನದು ಹೇಳು.

ನಾನು ಎದುರು ಬೆಂಚಿನಲ್ಲಿ ಕೂರುತ್ತೇನೆ.