ನೆನೆಹಾಕಿದ ಕವಡೆ

ಇವತ್ತು ಬೆಳಿಗ್ಗೆ ದೋಣಿಯಲ್ಲಿ ಕೂತು ಪೆನ್ನಿಗಾಗಿ ಚೀಲ ತಡಕಾಡುವಾಗ ಕೈಗೆ ಬಂದದ್ದು ಒಂದು ಕವಡೆ. ಮಂಕು, ಒರಟು. ಅದರ ಹೊಳಪು ಹೋದ ಕತೆ ಹೇಳುತ್ತೇನೆ. ಅರ್ಧ ನಂಬಿದರೆ ಸಾಕು, ಉಳಿದರ್ಧವನ್ನು ನಾನೂ ನಂಬುವುದಿಲ್ಲ.

ನನ್ನ ಕೆಲಸ ಕಡಲ ನೀರಿನ ಆಮ್ಲತೆ ಅಳೆಯುವುದು. ಗಂಗಾವತಿ ಕಡೆಯವಳಿಗೆ ಕಡಲೇಕೆ ಎನ್ನುತ್ತೀರಿ. ಊರಿನವರೂ ಅದನ್ನೇ ಅನ್ನುತ್ತಾರೆ. ನಮ್ಮಲ್ಲಿ ನೀರೆಂದರೆ ಕಾಲುವೆ. ಬಂತೇ, ಇಲ್ಲವೇ ಎಂಬುದಷ್ಟೇ ಪ್ರಶ್ನೆ.

ಕೆಲಸ ಸಿಕ್ಕ ಹೊಸದರಲ್ಲಿ ನಮ್ಮೂರ ಹತ್ತಿರದ ಸಿದ್ದಾಪುರಕ್ಕೆ, ಸೋದರತ್ತೆಯ ಮನೆಗೆ ಹೋಗಿದ್ದೆ. ಅಡುಗೆಮನೆ ಬಾಗಿಲಿಗೆ ಒರಗಿ ಭಾಷಣ ಶುರುಮಾಡಿದೆ: ನಮ್ಮ ಹೊಗೆಯನ್ನು ಕಡಲು ಕುಡಿಯುತ್ತದೆ, ಕುಡಿದು ಹುಳಿಯಾಗುತ್ತದೆ, ಹುಳಿಯಲ್ಲಿ ಚಿಪ್ಪುಗಳು ಸವೆಯುತ್ತವೆ. ಹುಳಿ ಎಂಬುದು ನನ್ನ ಒಗ್ಗರಣೆ. ಕಡಲು ಆ ಕಡೆಗೆ ಜಾರುತ್ತಿದೆ, ಅಷ್ಟೆ.

"ಸಮುದ್ರ ಉಪ್ಪು ಅಂತಿದ್ರಲ್ಲವ್ವಾ?" ಎಂದರು ಅತ್ತೆ. "ಈಗ ಹುಳೀನೂ ಆತು. ಇನ್ನ ಖಾರ ಒಂದ ಹಾಕಿದ್ರ ಸಾರ ಆತು ನೋಡು."

ಒಲೆಯ ಪಕ್ಕ ಬಟ್ಟಲಲ್ಲಿ ಹುಣಸೆ ನೆನೆದಿತ್ತು. ಸಾರಿಗೇ ಇರಬೇಕೆಂದು ನನಗೆ ಬಾಯಲ್ಲಿ ನೀರೂರಿತು. ಭಾಷಣ ಇನ್ನಷ್ಟು ಉದ್ದವಾಯಿತು.

ಮರುದಿನ ಅತ್ತೆ ಚೌಕಾಬಾರದ ಮನೆ ಬರೆದು ಅದೇ ಬಟ್ಟಲು ತಂದರು. ರಸದೊಳಗೆ ಅವರ ಕವಡೆಗಳಿದ್ದವು. ಹಿತ್ತಾಳೆ ತಂಬಿಗೆಯನ್ನು ಹುಣಸೆಯಲ್ಲಿ ಬೆಳಗುವ ಕೈ. ನಾನು ಬಂದಿದ್ದೇನೆ, ಆಟದ ಕವಡೆಯೂ ಬೆಳಗಲಿ ಎಂದು ನೆನೆಹಾಕಿದ್ದರು. ಮದುವೆಯಲ್ಲಿ ನನ್ನಜ್ಜಿ ಅವರ ಸೆರಗಿಗೆ ಕಟ್ಟಿ ಕಳಿಸಿದ ಕವಡೆಗಳು. ತವರಿನದೆಂದು ಉಳಿದದ್ದು ಅವಷ್ಟೇ. ಈಗ ಎಲ್ಲವೂ ಸುಣ್ಣದ ಹರಳಿನಂತಾಗಿದ್ದವು.

ಅದು ಹುಣಸೆಯಲ್ಲ, ನಿಂಬೆರಸ ಎನ್ನುತ್ತಾನೆ ನನ್ನ ತಮ್ಮ. ಅವನು ಅಲ್ಲಿರಲೇ ಇಲ್ಲ, ಇದ್ದನೇನೋ.

ಅತ್ತೆ ಅಳಲಿಲ್ಲ ಎಂದು ನನ್ನ ನೆನಪು. ನೆನಪಿಗೆ ಅದೇ ಅನುಕೂಲ. ಕವಡೆಯನ್ನು ಬೆರಳಿನಿಂದ ಸವರುತ್ತ, "ನಿನ್ನಿ ನೀ ಹೇಳಿದ್ದು ಇದ ಏನು?" ಎಂದರು.

ಹೂಂ ಎಂದೆ.

"ಹೇಳೂಮುಂದ ಬಟ್ಟಲದಾಗ ಒಂದೀಟು ಹಣಕಿ ನೋಡಬಾರದಿತ್ತೇನವ್ವಾ."

ಹೊರಡುವಾಗ ಒಂದನ್ನು ನನ್ನ ಅಂಗೈಯಲ್ಲಿಟ್ಟರು. "ಸಮುದ್ರದ್ದು ಸಮುದ್ರಕ್ಕ ಹೊಳ್ಳಿ ಬಿಡು."

ಕವಡೆ ನೀರಿಗೆ ಬಿಟ್ಟೆಯೇನು ಎಂದು ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ. ಗಡಿಬಿಡಿ, ಮರೆವು ಎಂದೆಲ್ಲ ನೆಪ ಹೇಳಿದ್ದೇನೆ. ಇವತ್ತು ಕೈಯಲ್ಲೇ ಇತ್ತು. ನೀರು ಗೇಣು ಕೆಳಗೆ. ಅಷ್ಟರಲ್ಲಿ ಯಂತ್ರ ಅಂಕೆ ತೋರಿಸಿತು, ಹೋದ ಸಲಕ್ಕಿಂತ ಕೂದಲೆಳೆಯಷ್ಟು ಹುಳಿಯ ಕಡೆಗೆ. ಒಂದು ಅಂಕೆಯಿಂದ ಏನನ್ನೂ ತೀರ್ಮಾನಿಸಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನೇ. ಆದರೂ ಕವಡೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಸಂಜೆ ಅತ್ತೆಗೆ ನಿಜ ಹೇಳಬೇಕು: ಒಮ್ಮೆ ನೆನೆದದ್ದನ್ನು ಇನ್ನೊಮ್ಮೆ ನೆನೆಹಾಕಲು ಕೈ ಬರಲಿಲ್ಲ.