ದಬ್ಬೇಘಟ್ಟದಲ್ಲಿ ಮೆಡಿಕಲ್ ಕಾಲೇಜಿನ ವಿಸ್ತರಣೆ

ಮಿತ್ರರೇ, ಇವತ್ತು ಬೆಳಿಗ್ಗೆ ನಮ್ಮ ಮನೆ ಜಗಲಿಯಲ್ಲಿ ಒಂದು ಮೆಡಿಕಲ್ ಕಾಲೇಜು ಬೆಳೆಯಿತು. ನಾನೇ ಸಾಕ್ಷಿ.

ಕಾಲೇಜಿನ ಪಾಲುದಾರಿಕೆ ವಿಭಾಗದ ಸಾಹೇಬರು ಒಬ್ಬ ಎಳೇ ಹೃದಯತಜ್ಞನನ್ನು ಕರೆತಂದಿದ್ದರು. ವಾರಕ್ಕೊಮ್ಮೆ ಕ್ಲಿನಿಕ್ ನಡೆಸೋಕೆ ನಮ್ಮ ಮುಂದಿನ ಕೋಣೆ ಬೇಕಂತೆ. ಮನೆ ಯಜಮಾನಿ ನಮ್ಮಜ್ಜಿ. ಆಕೆ ಒಪ್ಪದಿದ್ದರೆ ಕ್ಲಿನಿಕ್ ಪಕ್ಕದೂರಿಗೆ ಹೋಗುತ್ತದೆ, ನಮ್ಮೂರಿನವರು ಎದೆ ಹಿಡಿದುಕೊಂಡು ಮತ್ತೆ ತಿಪಟೂರು ಬಸ್ಸು ಹತ್ತಬೇಕು.

"ಕೋಣೆ ಮೇಲಿನ ಅಟ್ಟಾನೂ ಖಾಲಿ ಮಾಡ್ಬೇಕಾಗುತ್ತೆ" ಅಂದರು ಸಾಹೇಬರು.

"ಕೊಬ್ರಿಗೆ ಹಾಕಿರೋ ಕಾಯಿ ಕಣಪ್ಪ. ಒಳಗಿನ ನೀರು ಇಂಗೋಗಂಟ ಮುಟ್ಟಂಗಿಲ್ಲ. ಹೋಗ್ಬುಟ್ಟು ಬನ್ನಿ" ಅಂದಳು ಅಜ್ಜಿ.

ನಾಡಿನ ಆರೋಗ್ಯದ ಹಿತದೃಷ್ಟಿಯಿಂದ ನಾನು ಅಟ್ಟ ಹತ್ತಿ, ಒಂದು ಕಾಯಿ ತಂದು ಡಾಕ್ಟರ ಕೈಗಿಟ್ಟೆ. "ಒಡೀದೆ ಒಳಗೇನಿದೆ ಹೇಳಿ ಸಾರ್."

ಪುಣ್ಯಾತ್ಮ ನಗಲೂ ಇಲ್ಲ. ಸ್ಟೆತಾಸ್ಕೋಪ್ ಒತ್ತಿ, ಕಾಯಿ ಅಲ್ಲಾಡಿಸಿ, ಕಣ್ಮುಚ್ಚಿ ಕೇಳಿದ. "ಇನ್ನೂ ನೀರಿದೆ ಅಜ್ಜಿ. ಅಟ್ಟದಲ್ಲೇ ಇರ್ಲಿ."

"ಇವನು ಡಾಕ್ಟ್ರು ಕಣ್ಲಾ!" ಅಜ್ಜಿ ಸೆರಗಿನಿಂದ ಕೀ ಬಿಚ್ಚಿದಳು. "ಕೋಣೆ ತಗಳಿ. ಅಟ್ಟ ನಂದೇ."

ಸಾಹೇಬರು ಎಲ್ಲರ ಕೈ ಕುಲುಕಿದರು. ಪಾಲುದಾರಿಕೆಯ ಮೊದಲ ಒಳರೋಗಿಯನ್ನು ನಾನೇ ಹೊತ್ತು ಅಟ್ಟದಲ್ಲಿ ಅಡ್ಮಿಟ್ ಮಾಡಿ ಬಂದೆ. ನೀರು ಇಂಗುವವರೆಗೆ ಡಿಸ್ಚಾರ್ಜ್ ಇಲ್ಲ.